ಗಾಜಿನ ಮೇಲಿನ ಉಪ್ಪಿನ ಗೆರೆ

ಅಕ್ಕ ಫೋನ್ ಮಾಡಿ, “ಭಟ್ಕಳದ ಮಷೀನಿನ ಗಾಜು ಮತ್ತೆ ಒಡೀತು ಮಾರಾಯಾ” ಅಂದಾಗ ನನಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ? ಬಾಯಲ್ಲಿ “ಅಯ್ಯೋ, ಹೌದಾ ಅಕ್ಕ, ಪಾಪ” ಅಂದೆ. ಒಳಗೆ ಹೊಟ್ಟೆ ತಣ್ಣಗಾಯಿತು. ಫೋನ್ ಇಟ್ಟು ಎದುರಿನ ಹೋಟೆಲಿಗೆ ಹೋಗಿ, ದಿನಾ ಬರೀ ಚಾ ಕುಡಿಯುವವನು ಅವತ್ತು ಬನ್ಸೂ ತಿಂದೆ.

ನನ್ನದು ಹೊನ್ನಾವರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಒಂದು ಮೇಜು, ಬೆಸುಗೆ ಕಡ್ಡಿ, ಭೂತಗನ್ನಡಿ, ಸುತ್ತ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಮಷೀನುಗಳು. ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ, ಊರಿಗೆಲ್ಲ ಅಕ್ಕ. ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು, ಈಗ ಭಟ್ಕಳ ಬಂದರಿನಲ್ಲಿ, ಹೊನ್ನಾವರದಲ್ಲಿ, ಕುಮಟೆ ಮಾರ್ಕೆಟ್ ಹತ್ತಿರ ಸಂಘಕ್ಕೆ ಒಂದೊಂದು ಶೆಡ್ ಮಾಡಿದ್ದಾರೆ. ದೋಣಿಯಿಂದ ಮೀನು ಇಳಿದ ಕೂಡಲೆ ತೂಕ ಹಾಕಿ, ಫೋಟೋ ತೆಗೆದು, ಮೂರೂ ಶೆಡ್ಡಿನ ಮೀನನ್ನು ಬಂದ ಹೋಟೆಲಿನವರಿಗೆ ಪರದೆಯಲ್ಲೇ ತೋರಿಸಿ, ಮನೆಯವರಿಗೆ ಕಳಿಸಿ ಆರ್ಡರ್ ಹಿಡಿಯುವ ಕೆಲಸ. ಅದಕ್ಕೆ ಶೆಡ್ಡಿಗೊಂದು ಲ್ಯಾಪ್‌ಟಾಪ್. ಶುರುವಿನಿಂದ ಆ ಮೂರೂ ನನ್ನ ಕೈಯಲ್ಲೇ ಇದ್ದವು.

ಸೆಕೆಂಡ್‌ಹ್ಯಾಂಡ್ ತಂದು ನಾನೇ ಸಜ್ಜು ಮಾಡಿ ಕೊಟ್ಟ ದಪ್ಪ ಕರಿ ಮಷೀನುಗಳು ಅವು. ಮ್ಯಾಟ್ ಪರದೆ, ಅಂದರೆ ಹೊಳಪಿಲ್ಲದ್ದು, ನೋಡಿದರೆ ಮುಖ ಕಾಣದ್ದು. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಪರದೆಗಿಂತ ಸ್ವಲ್ಪ ಮೇಲೆದ್ದಿರುತ್ತದೆ. ಮುಚ್ಚಿದಾಗ ಪರದೆ ತಗ್ಗಿನಲ್ಲಿ ಕೂತಿರುತ್ತದೆ, ಯಾವುದಕ್ಕೂ ತಾಗುವುದಿಲ್ಲ. ಹಾಳಾದರೆ ಚೌಕಟ್ಟು ಎಬ್ಬಿಸಿ, ಸ್ಕ್ರೂ ತೆಗೆದು, ಬೇರೆ ಪರದೆ ಕೂರಿಸಿದರೆ ಆತು. ಮಳೆಗಾಲದಲ್ಲಿ ಅಕ್ಕ ತಮ್ಮ ಮಷೀನು ತಂದರೆ, ಮುಚ್ಚಳ ಎತ್ತಿದ ಕೂಡಲೆ ಕೀಬೋರ್ಡ್ ಮೇಲೆ ಒಂದು ಹತ್ತಿ ಬಟ್ಟೆ ಮಡಚಿಟ್ಟಿರುತ್ತಿತ್ತು, ಮಗುವಿಗೆ ಹೊದಿಸಿದ ಹಾಗೆ. ಬಟ್ಟೆಗೆ ಬಂಗಡೆ ವಾಸನೆ. “ಚಂದ ಮಾಡಿಕೊಡೋ, ನಿನ್ನ ಕೈ ತಾಗಿದ್ರೆ ಇನ್ನೊಂದು ಮಳೆಗಾಲ ದೂಡ್ತದೆ ಇದು” ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಬೇರೆಯವರ ಕೆಲಸ ಬದಿಗಿಟ್ಟು ಅವರದನ್ನು ಮೊದಲು ಮಾಡುತ್ತಿದ್ದೆ.

ಇನ್ನು ಕುಮಟೆಯವನ ವಿಷಯ. ಅವನೂ ನಾನೂ ಭಟ್ಕಳದಲ್ಲಿ ಒಬ್ಬರೇ ಉಸ್ತಾದರ ಹತ್ತಿರ ಕೆಲಸ ಕಲಿತವರು. ಆಗ ಅವನು ಹಾಕಿದ ಬೆಸುಗೆಯನ್ನು ಉಸ್ತಾದರು ನನ್ನ ಮುಂದೆ ಇಟ್ಟು, “ಇದನ್ನ ಬಿಚ್ಚಿ ಸಮಾ ಹಾಕು” ಅನ್ನುತ್ತಿದ್ದರು. ಅವನಿಗೆ ಇದ್ದದ್ದು ನಾಲಿಗೆ. ಈಗ ಕುಮಟೆಯಲ್ಲಿ ಅವನದು ಗಾಜಿನ ಬಾಗಿಲಿನ ಅಂಗಡಿ. ಒಳಗೆ ಏಸಿ, ಗೋಡೆ ತುಂಬ ದೀಪ, ಮೈಮೇಲೆ ಇಸ್ತ್ರಿ ಮುರಿಯದ ಅಂಗಿ. ಭಟ್ಕಳದ ಜಾಲಿ ಕಡೆಯ ದೊಡ್ಡ ದೊಡ್ಡ ಮನೆಗಳ ಮಷೀನೆಲ್ಲ ನನ್ನ ಓಣಿ ದಾಟಿ ಅವನ ಹತ್ತಿರ ಹೋಗುತ್ತವೆ. ನನ್ನ ಪಾಲಿಗೆ ಅಪ್ಸರಕೊಂಡದ ಜಲಪಾತ ನೋಡಲು ಬಂದವರು ನೀರಿಗೆ ಬೀಳಿಸಿದ ಫೋನು. “ಅವನ ಸುದ್ದಿ ನೆಂಚಿಕೊಳ್ಳದೆ ನಿಮಗೆ ಊಟ ಸೇರೂದಿಲ್ಲ” ಅಂತ ಹೆಂಡತಿ ಹಂಗಿಸುತ್ತಾಳೆ. ಹೌದು, ಸೇರುವುದಿಲ್ಲ.

ಬೇಸಿಗೆಯ ಕೊನೆಗೆ ಅವನು ಹೊನ್ನಾವರದ ಶೆಡ್ಡಿಗೆ ಬಂದ. ಅಕ್ಕ ನನ್ನನ್ನೂ ಕರೆಸಿದ್ದರು. ಮೇಜಿನ ಮೇಲೆ ನನ್ನ ಹಳೇ ಮಷೀನು, ಪಕ್ಕದಲ್ಲಿ ಅವನ ಹೊಸದು. ತೆಳ್ಳಗೆ, ಅಂಚಿನಿಂದ ಅಂಚಿಗೆ ಒಂದೇ ಗಾಜು. ಎರಡರಲ್ಲೂ ಒಂದೇ ಪಾಂಪ್ಲೆಟ್ ಮೀನಿನ ಫೋಟೋ ತೆರೆದು ಬದಿಗೆ ಸರಿದ. ಅವನದರಲ್ಲಿ ಮೀನು ಈಗಷ್ಟೇ ನೀರಿನಿಂದ ಎತ್ತಿದ ಹಾಗೆ ಮಿಂಚುತ್ತಿತ್ತು. ಕಣ್ಣಿನ ಕಪ್ಪು ಕೂಡ ಒದ್ದೆಯಾಗಿ ಕಾಣುತ್ತಿತ್ತು.

ಅಕ್ಕ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. “ನಿನ್ನದರಲ್ಲಿ ಮೀನು ನಿನ್ನೇದು ಕಂಡಾಂಗೆ ಕಾಣ್ತದಲ್ಲೋ” ಅಂದರು. ಸುತ್ತ ಇದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

“ಅಕ್ಕ, ಮೀನೂ ಒಂದೇ, ಫೋಟೋನೂ ಒಂದೇ” ಅಂದೆ.

“ಅದನ್ನ ಗಿರಾಕಿ ಹತ್ರ ಹೇಳೂಕೆ ಆತದ್ಯನೋ?”

ಅವನು ಜೇಬಿನಿಂದ ಬೈಕಿನ ಚಾವಿ ತೆಗೆದು ಗಾಜಿನ ಮೇಲೆ ಕರ್ ಅಂತ ಎಳೆದ. ಹೆಂಗಸರು “ಹಾಂ!” ಅಂದರು. ಗೀರೇ ಬೀಳಲಿಲ್ಲ. “ಮರಳು ತಾಗಲಿ, ಬಳೆ ತಾಗಲಿ, ಇದಕ್ಕೆ ಎಂತದೂ ಆಗೂದಿಲ್ಲ” ಅಂದ. ಅದು ನಿಜ. ನನ್ನ ಮ್ಯಾಟ್ ಪರದೆಯ ಮೇಲ್ಪದರ, ಉಪ್ಪು ಕೂತ ಬಟ್ಟೆಯಲ್ಲಿ ಒರೆಸಿ ಒರೆಸಿ, ಅಲ್ಲಲ್ಲಿ ಸವೆದು ಮಚ್ಚೆ ಬಿದ್ದಿತ್ತು. ಆ ಮಚ್ಚೆಗಳನ್ನೂ ಬೆರಳಿಟ್ಟು ತೋರಿಸಿದ. “ಕೆಳಗೆ ಬಿದ್ದು ಒಡೆದದ್ದು ಬಿಟ್ಟು, ಗಾಜಿಗೆ ಬೇರೆ ಎಂತ ಆದ್ರೂ ವರ್ಷದ ತನಕ ನಾನೇ ಹೊಸಾದು ಹಾಕಿಕೊಡ್ತೆ” ಅಂತ ಎಲ್ಲರ ಎದುರು ಮಾತು ಕೊಟ್ಟ. ಮೂರು ಶೆಡ್ಡಿಗೂ ಅವನ ಮಷೀನೇ ಬಂದವು. ನನ್ನವು ಗೋಣಿಚೀಲದಲ್ಲಿ ನನ್ನ ಅಂಗಡಿಗೆ ವಾಪಸ್ಸು ಬಂದವು.

ಆಮೇಲೆ ನನಗೆ ಬೇರೆ ಕೆಲಸವೇ ಇಲ್ಲದ ಹಾಗಾಯಿತು. ಕುಮಟೆಗೆ ಹೋದಾಗೆಲ್ಲ ಬೇಕಂತಲೇ ಮಾರ್ಕೆಟ್ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸುವುದು, ಅವನ ಮಷೀನಿನಲ್ಲಿ ತಪ್ಪು ಹುಡುಕುವುದು. ತಪ್ಪು ಸಿಕ್ಕಿತು ಕೂಡ. ಮೂರು ಕಡೆ ತೆರೆದ ಶೆಡ್ಡಿನಲ್ಲಿ ಹೊಳಪಿನ ಗಾಜು ಇಟ್ಟರೆ ಮೀನಿಗಿಂತ ಮೊದಲು ಆಕಾಶ ಕಾಣುತ್ತದೆ, ತಗಡಿನ ಮಾಡು ಕಾಣುತ್ತದೆ. ಅಲ್ಲಿಯ ಹೆಂಗಸು ಲೆಕ್ಕ ಬರೆಯಲು ಕಣ್ಣು ಕಿರಿದು ಮಾಡಿ ಬಗ್ಗುತ್ತಿದ್ದಳು. ಅಕ್ಕನಿಗೆ ಹೋಗಿ ಹೇಳಿದೆ. “ಮೇಜು ತಿರುಗಿಸಿದ್ರೆ ಆತು” ಅಂದರು. ಮಾರನೆಯ ದಿನ ಎಲ್ಲ ಕಡೆ ಪರದೆ ಗೋಡೆಗೆ ಮುಖ ಮಾಡಿತ್ತು. ಇನ್ನೊಮ್ಮೆ ಬಗ್ಗಿ ನೋಡಿದರೆ ಇಸ್ವಾಣ ಮೀನಿನ ಫೋಟೋದ ಮೇಲೆ ನನ್ನದೇ ಮುಖ ಕಂಡಿತು, ಮೂತಿ ಸೊಟ್ಟ ಮಾಡಿಕೊಂಡು.

ಮೀನುಗಾರಿಕೆಯ ರಜೆ ಮುಗಿದು ಬೋಟುಗಳು ಮತ್ತೆ ಇಳಿದವು. ಮಳೆ ಮಾತ್ರ ಬಿಟ್ಟಿರಲಿಲ್ಲ. ಆಗ ಭಟ್ಕಳದ ಗಾಜು ಮೊದಲ ಸಲ ಒಡೆಯಿತು. ಅಲ್ಲಿ ಕೂರುವವಳು ಪಕ್ಕದ ಹೆಬಳೆ ಊರಿನ ಹುಡುಗಿ. ಮನೆಯಲ್ಲಿ ತರಕಾರಿ ಬೆಳೆಯುತ್ತಾರೆ. ಇವಳದು ಮನೆಗೆ ಮೊದಲ ತಿಂಗಳ ಸಂಬಳದ ಕೆಲಸ. ಕುಮಟೆಯವನು ತುಟಿ ಪಿಟಕ್ಕೆನ್ನದೆ ಪರದೆ ಸಮೇತ ಹೊಸ ಮುಚ್ಚಳ ಹಾಕಿಕೊಟ್ಟ. “ಒಂದು ಮಾತು ಕೇಳಲಿಲ್ಲ ನೋಡು, ನಗಾಡ್ತಾ ಹಾಕಿಕೊಟ್ಟ” ಅಂತ ಅಕ್ಕ ನನ್ನ ಹತ್ತಿರವೇ ಹೊಗಳಿದರು. ಗಾಜು ಒಡೆದದ್ದರಿಂದಲೂ ಅವನಿಗೇ ಹೆಸರು ಬಂತಲ್ಲ ಅಂತ ನನಗೆ ಎರಡು ದಿನ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಕ್ಕೆ ಆಗಲಿಲ್ಲ.

ಮತ್ತೆ ಸ್ವಲ್ಪ ದಿನಕ್ಕೇ ಅದೇ ಮಷೀನು ಎರಡನೇ ಸಲ ಒಡೆಯಿತು. ನಾನು ಬನ್ಸ್ ತಿಂದದ್ದು ಆವಾಗ.

ಈ ಸಲ ಕುಮಟೆಯವನು ನಗಲಿಲ್ಲ. ಹೊನ್ನಾವರದ್ದೂ ಕುಮಟೆಯದ್ದೂ ಸರಿ ಇದೆ, ಇದೊಂದೇ ಯಾಕೆ ಒಡೆಯುತ್ತದೆ, ಹುಡುಗಿ ಬೀಳಿಸಿರಬೇಕು ಅಂದನಂತೆ. ಸಂಘದಲ್ಲಿ ಅಕ್ಕ ಬಹಳ ಖಡಕ್ಕು. ಹಿಂದೆ ಒಬ್ಬಳು ತೂಕದ ಮಷೀನು ಬೀಳಿಸಿ, ಬೀಳಿಸಲಿಲ್ಲ ಅಂತ ಸುಳ್ಳು ಹೇಳಿ, ಅದೇ ವಾರ ಕೆಲಸ ಕಳಕೊಂಡಿದ್ದಳು. “ನೀ ಒಂದ್ಸಲ ನೋಡಿ ಹೇಳು” ಅಂದರು ಅಕ್ಕ. “ಬಿದ್ದು ಒಡೆದದ್ದು ಹೌದಾದ್ರೆ ಹುಡುಗಿ ಬ್ಯಾಡ. ಗಾಜೇ ಸಮಾ ಇಲ್ಲ ಅಂದ್ರೆ ಅವನ ಮಷೀನು ಮೂರೂ ಬ್ಯಾಡ. ಶನಿವಾರ ಅವನೂ ಬತ್ತ. ನೀ ಹೇಳಿದ್ದೇ ಸೈ.”

ನೀ ಹೇಳಿದ್ದೇ ಸೈ! ಸ್ಕೂಟರ್ ಹತ್ತಿ ಭಟ್ಕಳದ ತನಕ ಹೋದದ್ದೇ ಗೊತ್ತಾಗಲಿಲ್ಲ.

ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. “ಅಣ್ಣಾ, ದೇವರಾಣೆ ನಾ ಬೀಳಿಸ್ಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದ್ರೆ ಗಾಜಲ್ಲಿ ಕೂದಲು ಕಂಡಾಂಗೆ ಕಂಡ್ತು. ಕೂದಲು ಅಂದ್ಕಂಡು ಒರೆಸೂಕೆ ಹೋದೆ” ಅಂದಳು. ನಾನು ಮಷೀನು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟೆ. ಗಾಜು ಬಿದ್ದು ಒಡೆದರೆ ಒಂದು ಜಾಗ ಪುಡಿಯಾಗಿರುತ್ತದೆ, ಅಲ್ಲಿಂದ ಸುತ್ತ ಸೀಳು ಹರಡಿರುತ್ತದೆ. ಮೂಲೆಯ ಲೋಹ ಜಜ್ಜಿರುತ್ತದೆ. ಇಲ್ಲಿ ಪುಡಿ ಇಲ್ಲ, ಜಜ್ಜು ಇಲ್ಲ. ಕೆಳಗಿನ ಅಂಚಿನಲ್ಲಿ, ಮುಚ್ಚಳದ ಕೀಲಿನ ಹತ್ತಿರದಿಂದ ಒಂದೇ ಒಂದು ಸೀಳು ಹೊರಟು ಬಾಗಿಕೊಂಡು ಮೇಲೆ ಹೋಗಿತ್ತು. ಒಳಗಿನ ಚಿತ್ರ ಇನ್ನೂ ಸರಿಯಾಗಿ ಬರುತ್ತಿತ್ತು.

“ನೀ ಬೀಳಿಸ್ಲಿಲ್ಲ, ಅದು ನಂಗೆ ಗೊತ್ತಾತು” ಅಂದೆ. ಅವಳು ಕೈಮುಗಿದಳು. ನನ್ನ ಹಳೇ ಕರಿ ಮಷೀನೊಂದನ್ನು ಅವಳ ಮೇಜಿನ ಮೇಲಿಟ್ಟು, ಒಡೆದದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಶನಿವಾರ ಹೇಳಬೇಕಾದ ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದೆ. ಗಾಜೇ ಸಮಾ ಇಲ್ಲ ಅಕ್ಕ. ಗಾಜೇ ಸಮಾ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಈ ಮಷೀನಿನಲ್ಲಿ ಗಾಜು ಒಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಮುಚ್ಚಳವೇ ಹಾಕಬೇಕು ಅಂತ ಕುಮಟೆಯವನು ಎಲ್ಲ ಕಡೆ ಹೇಳಿಕೊಂಡಿದ್ದ. ಅವನಿಗೆ ಬಾರದ್ದು ನನಗೆ ಬರುತ್ತದೆ ಅಂತ ತೋರಿಸುವ ಹಟ ಹತ್ತಿತು. ಗಾಜಿನ ಹಿಂದೆ ಪರದೆ, ಎರಡರ ನಡುವೆ ನೀರಿನ ಹಾಗೆ ತಿಳಿಯಾದ ಅಂಟು. ಅಂಟು ಮೆತ್ತಗಾಗಲು ಬಿಸಿ ಬೇಕು. ಬಿಸಿಗಾಳಿಯ ಗನ್ ಹಿಡಿದು ಬಲಗಡೆಯ ಮೂಲೆಯಿಂದ ಶುರು ಮಾಡಿದೆ. ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಸ್ಪಿರಿಟ್ ಹನಿ ಬಿಟ್ಟು, ಸಣ್ಣ ಉಕ್ಕಿನ ತಂತಿಯನ್ನು ಎರಡು ಕೈಯಲ್ಲಿ ಹಿಡಿದು ಗರಗಸದ ಹಾಗೆ ಹಿಂದೆ ಮುಂದೆ ಎಳೆದೆ. ಒಂದು ಬೆರಳು ಅಗಲ ಬಿಟ್ಟಿತು. ಇನ್ನೊಂದು ಬೆರಳು ಬಿಟ್ಟಿತು. ನನ್ನಷ್ಟಕ್ಕೆ ನಾನೇ ಸಿಳ್ಳೆ ಹಾಕಿದೆ. ಅಷ್ಟರಲ್ಲಿ ಸ್ಪಿರಿಟ್ ಪದರದೊಳಗೆ ನುಗ್ಗಿ, ಪರದೆಯಲ್ಲಿ ಕಪ್ಪು ಮಚ್ಚೆ ಎದ್ದಿತು. ಮಚ್ಚೆ ನೋಡನೋಡುತ್ತ ಹರಡಿ, ಇಡೀ ಚಿತ್ರವೇ ಹೋಯಿತು. ಥತ್! ಅವನು ಹೇಳಿದ್ದೇ ಸರಿಯಾಗಿತ್ತು. ಆ ಹೊತ್ತಿಗೆ ಅವನು ನನ್ನ ಎದುರಿಗೆ ಇದ್ದಿದ್ದರೆ ತಂತಿಯನ್ನು ಅವನ ಕುತ್ತಿಗೆಗೇ ಹಾಕುತ್ತಿದ್ದೆ ಅನ್ನಿಸುತ್ತದೆ.

ಮಷೀನು ಹಾಗೇ ಬಿಟ್ಟು, ಬಾಗಿಲ ಹತ್ತಿರ ಕೂತು ಓಣಿ ನೋಡಿದೆ. ಮಳೆ ಬಿಟ್ಟು ಸಂಜೆಯ ಬಿಸಿಲು ಅಡ್ಡ ಬಿದ್ದಿತ್ತು. ತಿರುಗಿದಾಗ ಆ ಬಿಸಿಲು ಸತ್ತ ಪರದೆಯ ಮೇಲೆ ಬಿದ್ದಿತ್ತು. ಒಳಗೆ ಚಿತ್ರವಿಲ್ಲದ ಕಪ್ಪು ಗಾಜಿನ ಎಡಗಡೆ, ಕೀಲಿನ ಉದ್ದಕ್ಕೂ, ಒಂದು ಬಿಳೀ ಗೆರೆ ಕಂಡಿತು. ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗೆ. ಗಾಜನ್ನು ನಾನು ಒರೆಸಿರಲಿಲ್ಲ. ಗಿರಾಕಿಯ ಕೊಳೆ ಗಿರಾಕಿಯದೇ ಇರಲಿ, ನಾಳೆ ತಕರಾರು ಬರಬಾರದು ಅಂತ ನನ್ನದೊಂದು ಪದ್ಧತಿ. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟೆ. ಉಪ್ಪು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯೊಳಗೆ ಸಣ್ಣ ಸಣ್ಣ ಹೊಲಿಗೆಯ ಗುರುತು. ಸೀಳು ಹೊರಟದ್ದು ಆ ಗೆರೆಯ ಮೇಲಿಂದಲೇ.

ಮರುದಿನ ಮತ್ತೆ ಭಟ್ಕಳಕ್ಕೆ ಹೋದೆ. ಏನೂ ಹೇಳದೆ, ಚಾ ತರಿಸಿಕೊಂಡು ಮೂಲೆಯಲ್ಲಿ ಕೂತೆ. “ಅಣ್ಣಾ, ನಿಮ್ಮ ಮಷೀನಲ್ಲಿ ಮೀನು ಹಳ್ಸಿದ್ದು ಅಂತ ಹೋಟೆಲಿನವ್ರು ಹೇಳ್ತ್ರು” ಅಂತ ಹುಡುಗಿ ಮೆಲ್ಲಗೆ ಅಂದಳು. ಅದನ್ನೂ ನುಂಗಿಕೊಂಡೆ. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಎದ್ದು ಮಳೆಯ ಎರಚಲು ಒಳಗೆ ಬಂತು. ಹುಡುಗಿ ತಟ್ಟನೆ ಡ್ರಾಯರಿನಿಂದ ಹತ್ತಿ ಬಟ್ಟೆ ತೆಗೆದು ಕೀಬೋರ್ಡಿನ ಮೇಲೆ ಹಾಸಿದಳು. ಅದರ ಅಂಚನ್ನು ಎರಡೂ ಹೆಬ್ಬೆರಳಿನಿಂದ ಹಿಂದಕ್ಕೆ, ಕೀಲಿನ ಸಂದಿಯ ತನಕ ಒತ್ತಿ ಸಿಕ್ಕಿಸಿ, ಮುಚ್ಚಳ ಮುಚ್ಚಿ ಮೇಲಿಂದ ಅಂಗೈ ಊರಿದಳು.

ಬಟ್ಟೆ ಈಸಿಕೊಂಡು ನೋಡಿದೆ. ಹೊಸ ಬಟ್ಟೆ. ಅಂಚನ್ನು ಎರಡು ಸಲ ಮಡಚಿ ದಪ್ಪಗೆ, ಅಚ್ಚುಕಟ್ಟಾಗಿ ಹೊಲಿದಿತ್ತು.

“ಇದು ಯಾರು ಹೊಲಿದದ್ದು?”

“ನಾನೇ ಅಣ್ಣಾ. ನೂಲು ಬಿಟ್ಟು ಒಳಗೆ ಹೋಗೂದು ಬ್ಯಾಡ ಅಂದೇಳಿ.”

“ಹಾಸೂಕೆ ಯಾರು ಹೇಳಿದ್ದು?”

“ಅಕ್ಕ. ಮಳೆಗಾಲದಲ್ಲಿ ಇದಿಲ್ಲದೆ ಮುಚ್ಚೂಕೇ ಇಲ್ಲ ಅಂದ್ರು. ಕುಮಟೆಯವ್ರು ಬಂದಾಗ ಮಾತ್ರ ತೆಗೆದಿಡು ಅಂದಿದ್ರು.”

“ಅದ್ಯಾಕೆ?”

“ಎಂತಕೋ ಗೊತ್ತಿಲ್ಲ. ಅಕ್ಕ ಹೇಳಿದ್ರೆ ಕೇಳೂಕೆ ಆತದ್ಯಾ?”

ಆ ಬಟ್ಟೆಯನ್ನು ಕೇಳಿ ತಕ್ಕೊಂಡು, ಅಂಗಡಿಗೆ ಬಂದು ಸತ್ತ ಮುಚ್ಚಳದ ಮೇಲೇ ಪರೀಕ್ಷೆ ಮಾಡಿದೆ. ಬಲಗಡೆ ನಾನೇ ಎಬ್ಬಿಸಿ ಬಿಟ್ಟಿದ್ದೆ. ಎಡಗಡೆ ಗಾಜು ಇನ್ನೂ ಗಟ್ಟಿಯಾಗಿ ಅಂಟಿತ್ತು. ಹುಡುಗಿಯ ಹಾಗೆಯೇ ಬಟ್ಟೆಯ ಅಂಚನ್ನು ಕೀಲಿನ ತನಕ ಸಿಕ್ಕಿಸಿ ಮೆಲ್ಲಗೆ ಮುಚ್ಚಿದೆ. ಬಟ್ಟೆಯ ಅಂಚು ಉಪ್ಪಿನ ಗೆರೆಯ ಮೇಲೆಯೇ ಕೂತಿತು. ಅಂಗೈ ಊರಿದೆ. ಟಿಕ್. ತೆಗೆದು ನೋಡಿದರೆ ಹಳೇ ಸೀಳಿನ ಪಕ್ಕ ಹೊಸ ಸೀಳು. ನನ್ನ ಹಳೇ ಮಷೀನಿನಲ್ಲಿ ಪರದೆ ತಗ್ಗಿನಲ್ಲಿರುತ್ತದೆ, ಪ್ಲಾಸ್ಟಿಕ್ ಸ್ವಲ್ಪ ಬಗ್ಗುತ್ತದೆ, ಬಟ್ಟೆಗೆ ಜಾಗ ಇರುತ್ತದೆ. ಇದರಲ್ಲಿ ಗಾಜಿಗೂ ಕೀಬೋರ್ಡಿಗೂ ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ಅದೂ ಕೀಲಿನ ಹತ್ತಿರ ಏನಾದರೂ ಸಿಕ್ಕಿದರೆ, ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕ ಹಾಗೆ, ಎಷ್ಟು ಮೆಲ್ಲಗೆ ಮುಚ್ಚಿದರೂ ಅಷ್ಟೂ ಭಾರ ಅಲ್ಲೇ. ಚಾವಿಯ ಗೀರಿಗೆ ಜಗ್ಗದ ಗಾಜು ಅಷ್ಟೇ ಅಷ್ಟು ಬಗ್ಗಿಸಿದ್ದಕ್ಕೆ ಬಿಟ್ಟುಕೊಟ್ಟಿತ್ತು. ಕುಮಟೆಯ ಶೆಡ್ಡಿಗೆ ಫೋನ್ ಮಾಡಿ ವಿಚಾರಿಸಿದೆ. ಅಲ್ಲಿಯ ಹೆಂಗಸು ಬಟ್ಟೆಯನ್ನು ತೂಕದ ಮಷೀನು ಒರೆಸಲು ಹಾಕಿಕೊಂಡಿದ್ದಳು. ಹೊನ್ನಾವರದಲ್ಲಿ ಅಕ್ಕನದು ಮಾತ್ರ ಹಾಸುವ ಬಟ್ಟೆಯೇ, ಆದರೆ ತೊಳೆದು ತೊಳೆದು ಸವೆದು ಎಲೆಯಷ್ಟು ತೆಳ್ಳಗಾದದ್ದು. ಹೊಸ ಬಟ್ಟೆ, ದಪ್ಪ ಹೊಲಿಗೆ, ಹೇಳಿದ್ದನ್ನು ಒಂದೂ ತಪ್ಪದೆ ಮಾಡುವ ಹುಡುಗಿ. ಅದಕ್ಕೇ ಅವಳದೇ ಒಡೆಯುತ್ತಿತ್ತು.

ಈಗ ನನ್ನ ಪೇಚು ನೋಡಿ. ಗಾಜೇ ಸಮಾ ಇಲ್ಲ ಅಂದರೆ ಹುಡುಗಿಯ ಕೆಲಸವೂ ಉಳಿಯುತ್ತದೆ, ಕುಮಟೆಯವನ ಮರ್ಯಾದೆ ಮೂರೂ ಊರಲ್ಲಿ ಹೋಗುತ್ತದೆ, ಅಕ್ಕ ಮತ್ತೆ ನನ್ನವರಾಗುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅವನು ಗೆದ್ದ, ಮತ್ತು ಒಡೆದವರು ಅಕ್ಕನೇ ಅಂತ ಅಕ್ಕನ ಮುಖಕ್ಕೇ ಹೇಳಿದ ಹಾಗಾಯಿತು. ಹೆಂಡತಿಗೆ ಎಲ್ಲ ವಿವರಿಸಿದೆ. “ಎಂತ ಹೇಳ್ತ್ರಿ ಹಾಗಾರೆ?” ಅಂದಳು. “ಗಾಜು ಸಮಾ ಇಲ್ಲ ಅಂತ ಹೇಳ್ತೆ” ಅಂದೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸಿದಳು.

ಶನಿವಾರ ಹೊನ್ನಾವರದ ಶೆಡ್ಡಿನ ಮೂಲೆಯಲ್ಲಿ ನಾಲ್ವರೂ ಸೇರಿದೆವು. ಅಕ್ಕ, ಕುಮಟೆಯವನು, ನಾನು ಕೂತೆವು. ಹುಡುಗಿ ಕೂರಲಿಲ್ಲ, ಕಂಬಕ್ಕೆ ಆತು ನಿಂತಳು. ಅಕ್ಕನ ಮಷೀನು ಮೇಜಿನ ಮೇಲೆ ತೆರೆದಿತ್ತು. ಕುಮಟೆಯವನ ಅಂಗಿ ಅವತ್ತೂ ಇಸ್ತ್ರಿ ಮುರಿದಿರಲಿಲ್ಲ, ಆದರೆ ಮುಖ ಬಾಡಿತ್ತು. ಜಗಳಕ್ಕೆ ಬರುತ್ತಾನೆ ಅಂತ ಸಿದ್ಧವಾಗಿ ಬಂದಿದ್ದೆ. ಅವನು ಮಾತ್ರ ಅಕ್ಕನ ಕಡೆ ತಿರುಗಿ, “ಇಂವ ನೋಡ್ದ ಮೇಲೆ ನಾ ಮತ್ತೆ ನೋಡೂದಿಲ್ಲ ಅಕ್ಕ. ಉಸ್ತಾದರ ಹತ್ರ ಇದ್ದಾಗಿಂದ ಇಂವನ ಕಣ್ಣು ನಂಗೆ ಗೊತ್ತು. ಗಾಜು ತಪ್ಪು ಅಂದ್ರೆ ಮೂರೂ ಮಷೀನು ವಾಪಸ್ ತಕಂಡು ಹೋತೆ” ಅಂದ.

ಹಲ್ಕಟ್! ಬೈದಿದ್ದರೆ ಸುಳ್ಳು ಹೇಳುವುದು ಎಷ್ಟು ಸಲೀಸಾಗುತ್ತಿತ್ತು. ಅವನು ಮನಸಾರೆ ಹೇಳಿದನೋ ನಾಲಿಗೆಯ ಚಮತ್ಕಾರವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಿಜ ಹೇಳಲು ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಉಪ್ಪಿನ ಗೆರೆ ಕಂಡುಹಿಡಿದವನು ನಾನು. ಅದನ್ನು ಅವನ ಎದುರಿಗೆ ಹೇಳದೆ ಬಾಯಿ ಮುಚ್ಚಿಕೊಂಡು ಇರುವುದು ನನ್ನಿಂದಾಗದ ಕೆಲಸ.

ಸತ್ತ ಮುಚ್ಚಳವನ್ನು ಮೇಜಿನ ಮೇಲಿಟ್ಟೆ. “ಹುಡುಗಿ ಬೀಳಿಸ್ಲಿಲ್ಲ” ಅಂದೆ. “ಗಾಜಿನದ್ದೂ ತಪ್ಪಲ್ಲ. ಈ ಗೆರೆ ನೋಡಿ ಅಕ್ಕ.” ಹುಡುಗಿ ಹೊಲಿದ ಬಟ್ಟೆಯನ್ನು ಚೀಲದಿಂದ ತೆಗೆದು ಅಂಚನ್ನು ಗೆರೆಯ ಪಕ್ಕ ಹಿಡಿದೆ, ಹೊಲಿಗೆಗೆ ಹೊಲಿಗೆ ಕೂತಿತು. ನಾನು ಮಾಡಿದ ಪರೀಕ್ಷೆ ಹೇಳಿದೆ, ಎರಡನೇ ಸೀಳು ತೋರಿಸಿದೆ, ಒಳಗಿನ ಚಿತ್ರ ಹೋದದ್ದು ನನ್ನ ಕೈಯಿಂದ ಅಂತಲೂ ಹೇಳಿದೆ. “ಒಳಗೆ ಹಾಸಿದ ಬಟ್ಟೆಯಿಂದ ಒಡೆದದ್ದು ಇದು. ಬೇರೆ ಎಂತದೂ ಅಲ್ಲ.”

ಕುಮಟೆಯವನು ಎದ್ದೇ ನಿಂತ. “ಬಟ್ಟೆಯಾ? ಮಷೀನು ಕೊಟ್ಟ ದಿನವೇ ಹೇಳಿದ್ದೆ ಅಲ್ಲ ಅಕ್ಕ, ನಡುವೆ ಕಾಗದದ ಚೂರೂ ಇಡೂಕಿಲ್ಲ ಅಂದೇಳಿ!”

“ನೀ ಹೇಳಿದ್ದೆ” ಅಂದರು ಅಕ್ಕ. ಅವರ ಮುಖ ಸಣ್ಣದಾಗಿತ್ತು. “ನೀ ಬಂದಾಗ ಬಟ್ಟೆ ತೆಗೆದಿಡೂಕೆ ಇವ್ಳಿಗೆ ಹೇಳಿದ್ದೂ ನಾನೇ. ಕಂಡ್ರೆ ನಿಂಗೆ ಬೇಜಾರಾತದೆ ಅಂದೇಳಿ.”

“ಬಟ್ಟೆ ಹಾಕಿ ಅಂತ ಯಾರು ಹೇಳಿದ್ದು ಮಾರಾಯ್ರೇ ನಿಮಗೆ?”

ಅಕ್ಕ ನನ್ನ ಕಡೆ ಕೈ ತೋರಿಸಿದರು. “ಇಂವ.”

“ನಾನಾ?”

“ಮತ್ಯಾರು? ಮೊದಲನೇ ಮಷೀನು ತುಕ್ಕು ಹಿಡಿದು ತಂದಾಗ ನೀನೇ ಹೇಳಿದ್ದಲ್ಲನೋ. ಮಳೆಗಾಲದಲ್ಲಿ ಒಂದು ಹತ್ತಿ ಬಟ್ಟೆ ಹಾಸಿ ಮುಚ್ಚಿ ಅಕ್ಕ, ತುದಿ ಹಿಂದಿನ ತನಕ ಹೋಗ್ಲಿ, ಉಪ್ಪಿನ ಗಾಳಿ ಅಲ್ಲಿಂದೇ ನುಗ್ಗೂದು ಅಂತ. ಅವತ್ತಿಂದ ಒಂದು ಮಳೆಗಾಲ ತಪ್ಪಿಸ್ಲಿಲ್ಲ ನಾನು.” ಆಮೇಲೆ ಕುಮಟೆಯವನಿಗೆ ಹೇಳಿದರು: “ನೀ ಬ್ಯಾಡ ಅಂದೆ, ಖರೆ. ನೀ ಮಷೀನು ಮಾರೂಕೆ ಬಂದವ. ಇಂವ ಇಷ್ಟು ವರ್ಷ ಸರಿ ಮಾಡ್ಕಂಡು ಬಂದವ. ನಾ ಯಾರ ಮಾತು ಕೇಳೂದು?”

ನನಗೆ ನೆನಪಾಯಿತು. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ತಲೆ ಕೂಡ ಎತ್ತದೆ ಹೇಳಿದ ಮಾತು. ಹೇಳಿದ್ದು ಅಂತ ಕೂಡ ನೆನಪಿರಲಿಲ್ಲ. ಬೇಸಿಗೆಯಿಂದ ಇಲ್ಲಿಯವರೆಗೆ ಅಕ್ಕ ಅವನ ಪಾಲಾದರು ಅಂತ ಹೊಟ್ಟೆ ಉರಿಸಿಕೊಂಡು ಸತ್ತಿದ್ದೆ. ಆ ಹೊತ್ತಿನಲ್ಲೆಲ್ಲ ಅವನ ಹೊಳೆಯುವ ಗಾಜಿನೊಳಗೆ, ಅವನಿಗೆ ಕಾಣದ ಹಾಗೆ, ನನ್ನ ಮಾತನ್ನೇ ಮಡಚಿ ಇಟ್ಟು ಮುಚ್ಚುತ್ತಿದ್ದರು. ಅದು ಗೊತ್ತಾದದ್ದು, ಆ ಮಾತು ಇನ್ನು ಬೇಡ ಅಂತ ನಾನೇ ಎಲ್ಲರ ಎದುರು ಹೇಳಿ ಮುಗಿಸಿದ ಮೇಲೆ.

ಕುಮಟೆಯವನು ನನ್ನ ಕಡೆ ತಿರುಗಿದ. ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅಷ್ಟು ದಿನ ಅವನ ಅಂಗಡಿಯ ಗಾಜಿನ ಬಾಗಿಲನ್ನು ನಾನು ನೋಡುತ್ತಿದ್ದದ್ದು ಹಾಗೆಯೇ.

ಅಕ್ಕ ಹುಡುಗಿಗೆ, “ನಿಂದು ಎಂತದೂ ತಪ್ಪಿಲ್ಲ. ಸೋಮವಾರ ಬೇಗ ಬಾ. ಹೊಸಾ ಮುಚ್ಚಳ ಸಂಘದಿಂದ ಹಾಕಿಸ್ತೆ” ಅಂದರು. ಹುಡುಗಿ ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡಳು.

ಅಷ್ಟರಲ್ಲಿ ಗಾಳಿ ತಿರುಗಿ ಮಳೆಯ ಎರಚಲು ಮೇಜಿನ ತನಕ ಬಂತು. ಅಕ್ಕನ ಕೈ ಅದರಷ್ಟಕ್ಕೆ ಪಕ್ಕದ ಹಳೇ ಬಟ್ಟೆಗೆ ಹೋಯಿತು. ಎತ್ತಿ ಕೀಬೋರ್ಡಿನ ಮೇಲೆ ಹಾಸಲು ಹೋದವರು ಅರ್ಧದಲ್ಲಿ ನಿಂತರು. ಬಟ್ಟೆ ಕೈಯಲ್ಲೇ ಉಳಿಯಿತು. ತಲೆ ಎತ್ತಿ, ನಮ್ಮಿಬ್ಬರಲ್ಲಿ ನನ್ನನ್ನು ನೋಡಿದರು.

“ಎಂತ ಮಾಡ್ಲೋ ಈಗ?”

ಉತ್ತರ ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

“ಅವನನ್ನ ಕೇಳಿ ಅಕ್ಕ” ಅಂದೆ.

“ಮೊದಲು ಮುಚ್ಚಿ” ಅಂದ ಅವನು. “ಬಟ್ಟೆ ಒಳಗೆ ಬ್ಯಾಡ, ಮೇಲಿಂದ ಹೊದಿಸಿ.”

ಅಕ್ಕ ಹಾಗೇ ಮಾಡಿದರು. ಮುಚ್ಚಳ ಮುಚ್ಚಿ, ಮೇಲೆ ಬಟ್ಟೆ ಹರಡಿ, ಅದರ ತುದಿಯನ್ನು ಹಿಂದಿನ ತನಕ ಎಳೆದು ಸಿಕ್ಕಿಸಿದರು. ತುದಿ ಹಿಂದಿನ ತನಕ ಹೋಗಲಿ ಅಂತ ಅವನು ಹೇಳಿರಲಿಲ್ಲ.